ಮಿಸ್ ಹೆಸರಲ್ಲಿ ಬಂದ ಮೇಲ್

ಕಳೆದ ತಿಂಗಳು ಯಲಹಂಕ ನ್ಯೂಟೌನಿನ ಒಂದು ರಿಪೇರಿ ಅಂಗಡಿಯಲ್ಲಿ ನಮ್ಮ ಹಳೆಯ ಕಂಪ್ಯೂಟರ್ ಬಿಚ್ಚಿಸಿದೆ. ಅಂಗಡಿಯವನು ಬ್ಲೋವರ್ ಹಿಡಿದು ಒಳಗಿನ ದೂಳು ಹಾರಿಸಿದ. ಬಿಸಿ ಪ್ಲಾಸ್ಟಿಕ್ಕಿಗೆ ದೂಳು ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅಟ್ಟೂರಿನ ಒಂದು ಮನೆಯ ಮುಂದಿನ ಕೋಣೆ ಕಣ್ಣೆದುರು ಬಂತು. ನಮ್ಮ ಟ್ಯೂಷನ್ ಮಿಸ್ ಮನೆ. ಹಳೆಯ ಗುರುಗಳು ನೆನಪಾದರೆ ಎಲ್ಲರಿಗೂ ಮನಸ್ಸು ತಂಪಾಗುತ್ತದಂತೆ. ನನಗೆ ಬರುವುದು ಸಿಟ್ಟು.

ಆಗ ನಾನು ಹತ್ತನೇ ತರಗತಿಯಲ್ಲಿದ್ದೆ, 2010ರ ಆಸುಪಾಸು. ಮಿಸ್ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ತಾಯಿಯ ಜೊತೆ ಇದ್ದರು. ಮದುವೆಯಾಗಿರಲಿಲ್ಲ. ಬಡಾವಣೆಯ ಅರ್ಧ ಮಕ್ಕಳು ಗಣಿತ ಕಲಿತದ್ದು ಅವರ ಹತ್ತಿರವೇ. ಬೈದು ಕಲಿಸುವವರಲ್ಲ. ತಪ್ಪಿದ ಸಾಲಿನ ಮೇಲೆ ಪೆನ್ಸಿಲ್ ತುದಿ ಇಟ್ಟು, ನಮಗೇ ತಪ್ಪು ಕಾಣುವವರೆಗೆ ಸುಮ್ಮನೆ ಕಾಯುತ್ತಿದ್ದರು...

ಪ್ರಶ್ನೆಪತ್ರಿಕೆ ಟೈಪ್ ಮಾಡಲೆಂದು ಅವರು ಕಂಪ್ಯೂಟರ್ ಕೊಂಡಿದ್ದರು. ಮಕ್ಕಳ ಅಂಕಗಳನ್ನು ಅಪ್ಪ ಅಮ್ಮಂದಿರಿಗೆ ಮೇಲ್ ಮಾಡುತ್ತಿದ್ದರು. ನಮ್ಮ ಬೀದಿಯಲ್ಲಿ ಆಗ ಅದೊಂದು ದೊಡ್ಡ ಸಂಗತಿ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅವರು ಬಲು ಬಿಗಿ. ಯಾರ ಪೆನ್ ಡ್ರೈವ್ ಆದರೂ ಮೊದಲು ವೈರಸ್ ಇದೆಯೇ ಎಂದು ಸ್ಕ್ಯಾನ್ ಮಾಡಬೇಕು. ಗೊತ್ತಿಲ್ಲದವರ ಮೇಲ್ ತೆರೆಯಬಾರದು. "ಪಾಸ್‌ವರ್ಡ್ ಹಲ್ಲುಜ್ಜೋ ಬ್ರಶ್ ಇದ್ದಂಗೆ ಕಣೇ, ಯಾರಿಗೂ ಕೊಡ್ಬಾರ್ದು" ಎಂದು ನನಗೆ ಹೇಳಿಕೊಟ್ಟವರೂ ಅವರೇ.

ಒಂದು ಸಂಜೆ ಬಡಾವಣೆ ಸಂಘದ ಕಾರ್ಯದರ್ಶಿಗಳು ಪೆನ್ ಡ್ರೈವ್ ಹಿಡಿದು ಬಂದರು. ದೊಡ್ಡ ಕಂಪನಿಯಲ್ಲಿ ಮ್ಯಾನೇಜರು. ಅವರ ಮಗಳೂ ಅಲ್ಲಿಗೇ ಟ್ಯೂಷನ್‌ಗೆ ಬರುತ್ತಿದ್ದಳು. ರಾಜ್ಯೋತ್ಸವದ ಆಹ್ವಾನ ಪತ್ರಿಕೆಯ ಪ್ರಿಂಟ್ ಬೇಕಾಗಿತ್ತು. ಆ ಹೊತ್ತಿಗೆ ನಾನೊಬ್ಬಳೇ ಅಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ.

"ಒಂದ್ನಿಮಿಷ ಇರಿ ಸಾರ್, ಸ್ಕ್ಯಾನ್ ಮಾಡ್ಬಿಟ್ಟು ತೆಗೀತೀನಿ" ಎಂದರು ಮಿಸ್.

"ನಮ್ ಆಫೀಸಿಂದ ತಂದಿರೋದು ಮಿಸ್. ಅದ್ರಲ್ಲೇನಿರತ್ತೆ?" ಎಂದು ನಕ್ಕು ಅವರೇ ಬಗ್ಗಿ ಪೆನ್ ಡ್ರೈವ್ ಚುಚ್ಚಿದರು, ಅವರೇ ಫೈಲ್ ತೆರೆದರು, ಪ್ರಿಂಟ್ ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ಮಿಸ್ ನೋಡಿದರೆ ವೈರಸ್ ಹಿಡಿಯಬೇಕಾದ ಪ್ರೋಗ್ರಾಮೇ ತೆರೆದುಕೊಳ್ಳುತ್ತಿಲ್ಲ. ನಾಳೆ ಯಾರನ್ನಾದರೂ ಕರೆಸಿ ತೋರಿಸುತ್ತೇನೆ ಎಂದು ಕಂಪ್ಯೂಟರ್ ಆರಿಸಿದರು.

ಆದರೆ ಆರಿಸುವಷ್ಟರಲ್ಲೇ ಕೆಲಸ ಕೆಟ್ಟಿತ್ತು. ಬೆಳಿಗ್ಗೆ ಬಡಾವಣೆಯ ಎಷ್ಟೋ ಮನೆಗಳಿಗೆ ಮಿಸ್ ಹೆಸರಿನಲ್ಲಿ ಒಂದು ಮೇಲ್ ಬಂದು ಕೂತಿತ್ತು. ತೆರೆದರೆ ಅಸಹ್ಯದ ಚಿತ್ರಗಳು.

ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಹಿಡಿದುಕೊಂಡು ಮಿಸ್ ಮನೆ ಗೇಟಿಗೆ ಮೊದಲು ಬಂದವರು ಯಾರು ಗೊತ್ತೆ? ಅದೇ ಕಾರ್ಯದರ್ಶಿ. ಹಿಂದೆ ಇನ್ನಷ್ಟು ಜನ, ಅವರಲ್ಲಿ ನನ್ನ ಅಮ್ಮನೂ ಇದ್ದಳು. ಇದು ವೈರಸ್ಸಿನ ಕೆಲಸ, ತಾನು ಕಳಿಸಿದ್ದಲ್ಲ ಎಂದು ಮಿಸ್ ಬಿಡಿಸಿ ಬಿಡಿಸಿ ಹೇಳಿದರು. ಒಳಗಿನಿಂದ ಅವರ ತಾಯಿ, ಏನಾಯ್ತು, ಯಾರು ಬಂದಿರೋದು ಎಂದು ಕೇಳುತ್ತಲೇ ಇದ್ದರು...

ನಾನು ಸುಮ್ಮನಿರಲಿಲ್ಲ. "ಅಂಕಲ್, ನೀವೇ ಪೆನ್ ಡ್ರೈವ್ ಹಾಕಿದ್ದು. ಮಿಸ್ ಸ್ಕ್ಯಾನ್ ಮಾಡ್ತೀನಿ ಇರಿ ಅಂದ್ರು. ನಾನು ಅಲ್ಲೇ ಇದ್ದೆ" ಎಂದೆ.

ಅವರು ನನ್ನ ಕಡೆ ತಿರುಗಲೂ ಇಲ್ಲ. "ನೋಡಿ, ಮಕ್ಕಳನ್ನ ಹೆಂಗೆ ತಯಾರ್ ಮಾಡಿದಾರೆ" ಎಂದು ಉಳಿದವರಿಗೆ ಹೇಳಿದರು. ಅಮ್ಮ ನನ್ನ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದಳು. ಅಲ್ಲಿಗೆ ನನ್ನ ಟ್ಯೂಷನ್ ಮುಗಿಯಿತು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಬಿಟ್ಟರು. ಒಂಟಿ ಹೆಂಗಸು, ಮನೆಯಲ್ಲಿ ಇಂಟರ್‌ನೆಟ್, ಇನ್ನೇನು ನೋಡುತ್ತಾಳೋ ಎಂದು ಹಾಲಿನ ಬೂತಿನ ಹತ್ತಿರ ಮಾತಾಡಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಇದೇ ಜನ ಆವರೆಗೆ ಮಿಸ್ ಮಿಸ್ ಎಂದು ಬಾಗಿಲಿಗೆ ಬಂದು, ನಮ್ಮ ಮಗುವನ್ನೂ ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದವರು.

ಕೆಲವು ವಾರಗಳಾದ ಮೇಲೆ ಅಂಥದ್ದೇ ಮೇಲ್ ಮತ್ತೆ ಬಂತು. ಈ ಸಲ ಕಾರ್ಯದರ್ಶಿಗಳ ಹೆಸರಿನಲ್ಲಿ. ಅವೇ ಚಿತ್ರಗಳು. ಅವರ ಗೇಟಿಗೆ ಯಾರಾದರೂ ಹೋದರೇ? ಒಬ್ಬರೂ ಹೋಗಲಿಲ್ಲ. "ಪಾಪ, ಅವರ ಕಂಪ್ಯೂಟರಿಗೆ ವೈರಸ್ ಬಂದಿದ್ಯಂತೆ" ಎಂದು ನಮ್ಮ ಮನೆಯಲ್ಲೇ ಅಪ್ಪ ಮರುಕದಿಂದ ಹೇಳಿದರು. ಅವರಿಗೆ ಬಂದದ್ದು ವೈರಸ್. ಮಿಸ್‌ಗೆ ಬಂದದ್ದು ಮಾತ್ರ ನಡತೆಗೆಟ್ಟವಳು ಎಂಬ ಹೆಸರು. ಅಂದು ನುಂಗಿದ ಆ ಕೋಪ ಇಂದಿಗೂ ಕರಗಿಲ್ಲ.

ಮುಂದಿನ ಭಾನುವಾರ ಸಂಘದ ಸಭೆಗೆ ಮಿಸ್ ಒಬ್ಬರೇ ಬಂದರು. ನಾನು ಅಪ್ಪನ ಜೊತೆ ಹೋಗಿದ್ದೆ. ಅವರು ಕೂರಲಿಲ್ಲ. "ನಿಮಗೆ ಆಗಿದ್ದೇ ನನಗೂ ಆಗಿದ್ದು ಸಾರ್. ಅದನ್ನ ಇವರೆಲ್ಲರ ಮುಂದೆ ನಿಮ್ಮ ಬಾಯಲ್ಲಿ ಹೇಳಿ, ಸಾಕು" ಎಂದರು.

"ಹೋಗ್ಲಿ ಬಿಡಿ ಮಿಸ್, ಮುಗಿದೋದ ವಿಷಯ" ಎಂದರು ಕಾರ್ಯದರ್ಶಿ.

"ನಿಮಗೆ ಮುಗೀತು" ಎಂದರು ಮಿಸ್. ಎಲ್ಲರ ಮುಖ ನೋಡಿದರು. ಬೀದಿ ದೀಪದ ವಿಷಯ ಚರ್ಚೆಗೆ ಬಂತು.

ಆ ಬೇಸಿಗೆಯಲ್ಲಿ ಮಿಸ್ ತಾಯಿಯನ್ನು ಕರೆದುಕೊಂಡು ಚಿಕ್ಕಬಾಣಾವರದ ತಂಗಿಯ ಮನೆಯ ಹತ್ತಿರಕ್ಕೆ ಹೋದರು. ಕಾಲೇಜಿನ ದಿನಗಳಲ್ಲಿ ನಾನು ಕೆಲವು ಸಲ ಹೋಗಿ ನೋಡಿ ಬಂದೆ. ಕಾಫಿ ಕೊಡುತ್ತಿದ್ದರು, ಓದು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಒಂದು ಖಾಸಗಿ ಶಾಲೆಗೆ ಸೇರಿದ್ದರು. ಮನೆಯಲ್ಲಿ ಮತ್ತೆ ಟ್ಯೂಷನ್ ಮಾಡಲಿಲ್ಲ. ಅಟ್ಟೂರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ... ಹೋದ ವರ್ಷ ತೀರಿಕೊಂಡರು.

ರಿಪೇರಿ ಅಂಗಡಿಗೆ ಹೋಗಿ ಬಂದ ವಾರವೇ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಉಪದೇಶ ಬಂತು: ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಮನೆಯ ಕಂಪ್ಯೂಟರನ್ನು ಹೀಗೆ ಹೀಗೆ ಕಾಪಾಡಿಕೊಳ್ಳಿ. ಕಳಿಸಿದವರು ಅದೇ ಕಾರ್ಯದರ್ಶಿ. ಈಗ ಅಧ್ಯಕ್ಷರು. ಒಬ್ಬರ ಹಿಂದೆ ಒಬ್ಬರು ಕೈಮುಗಿದು ಧನ್ಯವಾದ ಹೇಳಿದರು. ನನಗೆ ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಬರೆದು ಅದರ ಕೆಳಗೆ ಹಾಕಿದೆ. ಅನ್ನಕ್ಕಿಟ್ಟು ಬಂದು ನೋಡಿದರೆ ನನ್ನನ್ನು ಗುಂಪಿನಿಂದ ತೆಗೆದಿದ್ದರು.

ಅಮ್ಮ ಆ ಗುಂಪಿನಲ್ಲಿದ್ದಾಳೆ. ಮೊಬೈಲ್ ಹಿಡಿದು ಬಂದು ನನ್ನ ಪಕ್ಕ ಕೂತಳು. ನಾನು ಬರೆದದ್ದನ್ನು ಮತ್ತೊಮ್ಮೆ ಓದಿರಬೇಕು.

"ನೀನು ಬರೆದಿರೋದೆಲ್ಲ ನಿಜಾನೇ ಕಣೇ. ಆದ್ರೆ ಆವಮ್ಮನೇ ಇಲ್ಲ. ಈಗ್ಯಾಕೆ ಹೇಳ್ಬೇಕಿತ್ತು?"

"ಆಗ್ಲೂ ಹೇಳಿದ್ದೆ ಅಮ್ಮ" ಎಂದೆ.