ಬೊಳ್ಳಿಯ ಬಾಯಲ್ಲಿ ಹುಡುಕಿದ ಮುಳ್ಳು

ಮಜ್ಜಿಗೆಯಲ್ಲಿ ತೇದ ಹಳೆಯ ಅಡಿಕೆಯ ವಾಸನೆ ನಿಮಗೆ ಗೊತ್ತುಂಟೋ ಇಲ್ಲವೋ. ಒಗರು, ಸ್ವಲ್ಪ ಹುಳಿ, ಒದ್ದೆ ಮರದ ಹಾಗೆ. ಮೊನ್ನೆ ಉಡುಪಿಯಲ್ಲಿ ಮದುವೆಯೂಟ ಮುಗಿಸಿ ಕೈ ತೊಳೆಯಲು ಹೋದಾಗ, ಯಾರೋ ಚೆಲ್ಲಿದ ಮಜ್ಜಿಗೆಯ ಮೇಲೆ ಇನ್ಯಾರೋ ಉಗಿದ ಅಡಿಕೆ ಬಿದ್ದಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟಿದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಕಾಪುವಿನ ನಮ್ಮ ಹಳೆಯ ಮನೆಯ ಚಾವಡಿ, ಚಾವಡಿಯ ಕಲ್ಲಿನ ಮೇಲೆ ಅಡಿಕೆ ತೇಯುವ ದೊಡ್ಡಪ್ಪ, ಕಂಬಕ್ಕೆ ಕಟ್ಟಿದ ಯಾರದೋ ನಾಯಿ, ಎಲ್ಲ ಒಟ್ಟಿಗೇ ಎದುರಿಗೆ ಬಂದವು. ನಲವತ್ತು ವರ್ಷ ನರ್ಸ್ ಕೆಲಸ ಮಾಡಿದವಳು ನಾನು, ವಾಸನೆಗೆಲ್ಲ ಹೆದರುವವಳಲ್ಲ. ಆದರೆ ಇದೊಂದು ವಾಸನೆಯನ್ನು ಇವತ್ತಿಗೂ ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ.

ದೊಡ್ಡಪ್ಪ ಕಾರ್ಕಳದ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರು. ನಿವೃತ್ತರಾಗಿ ಊರಿಗೆ ಬಂದ ಮೇಲೆ ಭಾನುವಾರ ಬೆಳಿಗ್ಗೆ ಚಾವಡಿಯಲ್ಲಿ ನಾಯಿ ಬೆಕ್ಕುಗಳನ್ನು ನೋಡುತ್ತಿದ್ದರು. ಎಪ್ಪತ್ತರ ದಶಕದ ಮಾತು ಇದು. ಆಗ ಬೆಕ್ಕನ್ನು ಎತ್ತಿಕೊಂಡು ದನದ ಆಸ್ಪತ್ರೆಗೆ ಹೋದರೆ ಜನ ನಗುತ್ತಿದ್ದರು. ಹಾಗಾಗಿ ಪಡುಬಿದ್ರಿಯಿಂದ, ಕೆಮ್ಮಣ್ಣಿನಿಂದ ಸಹ ಬುಟ್ಟಿಯಲ್ಲಿ, ಗೋಣಿಯಲ್ಲಿ ಮುಚ್ಚಿಕೊಂಡು ನಮ್ಮಲ್ಲಿಗೆ ತರುತ್ತಿದ್ದರು. ದೊಡ್ಡಪ್ಪ ತೆಂಗಿನ ಗೆರಟೆಯಲ್ಲಿ ಚಿಮಿಣಿ ಎಣ್ಣೆ ಇಟ್ಟುಕೊಂಡು, ನಾಯಿಯ ಕಿವಿಯ ಸಂದಿನಿಂದ ಉಣ್ಣಿಗಳನ್ನು ಒಂದೊಂದಾಗಿ ಕಿತ್ತು ಅದರೊಳಗೆ ಹಾಕುವರು. ಕಜ್ಜಿಗೆ ತೆಂಗಿನೆಣ್ಣೆಯಲ್ಲಿ ಕಲಸಿದ ಗಂಧಕ ಹಚ್ಚುವರು. ತುಟಿ ಎತ್ತಿ ವಸಡು ನೋಡಿ, ಬಿಳಿಚಿದ್ದರೆ ಹೊಟ್ಟೆಯಲ್ಲಿ ಹುಳ ಉಂಟು ಎನ್ನುವರು. ನಮ್ಮ ಮನೆಮಾತು ತುಳು, ಆದರೆ ಮದ್ದಿನ ವಿಷಯ ಬಂದ ಕೂಡಲೇ ಅವರು ಕನ್ನಡಕ್ಕೆ ತಿರುಗುತ್ತಿದ್ದರು. ಆಸ್ಪತ್ರೆಯ ಭಾಷೆ ಎಂಬ ಗೌರವ ಇರಬೇಕು. ಹುಚ್ಚುನಾಯಿ ಕಚ್ಚಿದ ಗಾಯಕ್ಕೆ ಬೂದಿ ಹಚ್ಚಿಕೊಂಡು ಬಂದವರನ್ನು ಮಾತ್ರ ಮೊದಲು ಸೂಜಿ ತೆಗೆದುಕೊಳ್ಳಿ ಎಂದು ಎರಡು ಭಾಷೆಯಲ್ಲೂ ಬೈಯುತ್ತಿದ್ದರು.

ಹುಳಕ್ಕೆ ಅವರ ಮದ್ದು ಅಡಿಕೆ. ದೊಡ್ಡಮ್ಮನ ಎಲೆ ತಟ್ಟೆಯಿಂದ ಹಳೆಯ ಗಟ್ಟಿ ಅಡಿಕೆ ತೆಗೆದು, ಮಜ್ಜಿಗೆ ಬಿಟ್ಟು ತೇದು, ನಾಯಿಯ ತೂಕ ನೋಡಿ ಅಳೆದು ಕುಡಿಸುತ್ತಿದ್ದರು. ಮುಕ್ಕಾಲು ಗಂಟೆಯೊಳಗೆ ಹುಳ ಹೊರಗೆ. ಅದು ಆ ಕಾಲದ ಚಿಕಿತ್ಸೆ, ಈಗ ಯಾರೂ ಮಾಡಲು ಹೋಗಬೇಡಿ, ಅಂಗಡಿಯಲ್ಲಿ ಒಳ್ಳೆಯ ಮಾತ್ರೆ ಉಂಟು. ಅಳತೆ ಹೆಚ್ಚಾದರೆ ಅಡಿಕೆ ಪ್ರಾಣ ತೆಗೆಯುತ್ತದೆ. ಆ ವಿಷ ಇಳಿಸಲೆಂದೇ ಒಂದು ಸೂಜಿಮದ್ದನ್ನು ಹತ್ತಿಯಲ್ಲಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬೆಕ್ಕಿಗಂತೂ ಅಡಿಕೆ ಮುಟ್ಟಿಸುತ್ತಲೇ ಇರಲಿಲ್ಲ. "ನಾಯಿಗೆ ಮದ್ದು, ಬೆಕ್ಕಿಗೆ ವಿಷ. ತಿಳಿಯಿತಾ?" ಎಂದು ಪಕ್ಕದಲ್ಲಿ ಕೂತ ನನಗೆ ಎಷ್ಟು ಸಲ ಹೇಳಿದ್ದರೋ. ದೊಡ್ಡವರು ದಿನಕ್ಕೆ ನೂರು ಬೇಡ ಹೇಳುತ್ತಾರೆ. ಅದರಲ್ಲಿ ಯಾವುದು ನಿಜವಾದ ಬೇಡ ಎಂದು ಹನ್ನೊಂದು ವರ್ಷದ ಹುಡುಗಿಗೆ ಗೊತ್ತಾಗುವುದು ಹೇಗೆ?

ನನ್ನ ಬೆಕ್ಕಿನ ಹೆಸರು ಬೊಳ್ಳಿ. ತುಳುವಿನಲ್ಲಿ ಬೆಳ್ಳಿಗೆ ಹಾಗೆ ಹೇಳುವುದು, ಅಷ್ಟು ಬಿಳಿ. ಆ ವರ್ಷ ಅದು ಬಡಕಲಾಗಿ, ಹೊಟ್ಟೆ ಮಾತ್ರ ಉಬ್ಬಿಕೊಂಡು, ಕಂಡಲ್ಲಿ ಕಾರಿಕೊಳ್ಳುತ್ತಿತ್ತು. ಅಪ್ಪನ ಪಂಚೆಯ ಮೇಲೆ ಎರಡನೆಯ ಸಲ ಕಾರಿದಾಗ ಅಪ್ಪ, "ನಾಳೆ ಭಾನುವಾರ ಇದನ್ನು ಗೋಣಿಯಲ್ಲಿ ಹಾಕಿ ಮಲ್ಪೆ ಬಂದರಿನಲ್ಲಿ ಬಿಟ್ಟು ಬರುತ್ತೇನೆ, ಅಲ್ಲಿ ಬೇಕಾದಷ್ಟು ಮೀನುಂಟು" ಎಂದರು. ಅಪ್ಪ ಹೇಳಿದರೆ ಮಾಡುವವರು. ನಾನು ಅತ್ತು ಊರು ಒಂದು ಮಾಡಿದೆ. ದೊಡ್ಡಪ್ಪ ಮೆಲ್ಲ ಅಂಗಿ ಹಾಕಿಕೊಂಡು, "ಬೆಕ್ಕಿನ ಹುಳದ ಮದ್ದು ಕಾರ್ಕಳದಲ್ಲಿ ಸಿಗುತ್ತದೆ. ಸಂಜೆಯೊಳಗೆ ತರುತ್ತೇನೆ. ಅಷ್ಟರತನಕ ಸುಮ್ಮನಿರು ಮಗಾ" ಎಂದು ಬಸ್ಸು ಹತ್ತಿದರು.

ಸುಮ್ಮನಿರಲು ನನ್ನಿಂದ ಆಗಲಿಲ್ಲ. ಶನಿವಾರ, ಮಧ್ಯಾಹ್ನಕ್ಕೇ ಶಾಲೆ ಬಿಟ್ಟಿತ್ತು. ಅಪ್ಪ ಆಗಲೇ ಗೋಣಿ ಕೊಡವಿ ಬಾವಿಕಟ್ಟೆಯ ಮೇಲೆ ಒಣಗಲು ಹಾಕಿದ್ದರು. ದೊಡ್ಡಮ್ಮ ಮಲಗಿದ ಹೊತ್ತು ಎಲೆ ತಟ್ಟೆಯಿಂದ ಅಡಿಕೆ ಕದ್ದೆ, ಅರ್ಧ ತೇದೆ, ಬೂತಾಯಿ ಮೀನಿನ ಹೊಟ್ಟೆಯೊಳಗೆ ತುಂಬಿ ಬೊಳ್ಳಿಗೆ ಕೊಟ್ಟೆ. ಪಾಪ, ನಂಬಿ ತಿಂದಿತು. ಕಲ್ಲನ್ನು ಚೆನ್ನಾಗಿ ತೊಳೆದಿಟ್ಟೆ.

ದೊಡ್ಡಪ್ಪ ಬರುವಾಗ ಬೊಳ್ಳಿ ಚಾವಡಿಯ ಮೂಲೆಯಲ್ಲಿ ಕುತ್ತಿಗೆ ಚಾಚಿ, ನೂಲಿನ ಹಾಗೆ ಜೊಲ್ಲು ಸುರಿಸುತ್ತ, ಉಸಿರಿಗೆ ಒದ್ದಾಡುತ್ತಿತ್ತು. ಅವರು ಚಪ್ಪಲಿ ಸಹ ಬಿಡದೆ ಕೂತು, "ಎಂತ ತಿಂದಿತು?" ಎಂದು ಕೇಳಿದರು.

"ಬೂತಾಯಿ," ಎಂದೆ.

"ಬೇರೆ ಎಂತದಾದರೂ?"

"ಇಲ್ಲ."

"ಮುಳ್ಳು ಸಿಕ್ಕಿರಬೇಕು," ಎಂದರು ದೊಡ್ಡಮ್ಮ. ನಮ್ಮ ಕಡಲ ಬದಿಯಲ್ಲಿ ಬೆಕ್ಕು ಜೊಲ್ಲು ಸುರಿಸಿದರೆ ಯಾರಿಗಾದರೂ ಮೊದಲು ತೋರುವುದು ಅದೇ. ದೊಡ್ಡಪ್ಪ ಬೊಳ್ಳಿಯನ್ನು ಬಿಸಿಲಿಗೆ ಹಿಡಿದು, ಬಾಯಿ ಬಿಡಿಸಿ, ಗಂಟಲೊಳಗೆ ಬೆರಳು ಹಾಕಿ ಮುಳ್ಳು ಹುಡುಕಿದರು. ಸಿಗಲಿಲ್ಲ. ಮತ್ತೆ ಹುಡುಕಿದರು. ಬೊಳ್ಳಿ ಒದ್ದಾಡಿ ಅವರ ತೋರುಬೆರಳಿಗೆ ಎಲುಬು ತಾಗುವಷ್ಟು ಕಚ್ಚಿತು. ಅವರು ಕೈ ಬಿಡಲಿಲ್ಲ, ರಕ್ತ ಸುರಿಯುತ್ತಿದ್ದ ಬೆರಳಿನಿಂದಲೇ ಮೂರನೆಯ ಸಲ ಹುಡುಕಿದರು. ತಗಡಿನ ಪೆಟ್ಟಿಗೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅದರೊಳಗೆ ಏನುಂಟು ಎಂದು ನನಗೆ ಗೊತ್ತಿತ್ತು. ನಾನು ಕಂಬ ಹಿಡಿದು ನಿಂತಿದ್ದೆ. ದೀಪ ಹಚ್ಚುವ ಮೊದಲೇ ಬೊಳ್ಳಿ ಸತ್ತಿತು. ಅವರ ಕಿಸೆಯಲ್ಲಿ ಕಾರ್ಕಳದಿಂದ ತಂದ ಬಾಟಲಿ ಹಾಗೇ ಇತ್ತು.

ಕೈಯನ್ನು ಬಾವಿಕಟ್ಟೆಯಲ್ಲಿ ಸಾಬೂನು ಹಾಕಿ ಬಹಳ ಹೊತ್ತು ತೊಳೆದರು. ಆಮೇಲೆ ದೊಡ್ಡಮ್ಮನಿಗೆ, "ಮುಳ್ಳು ಸಿಗಲಿಲ್ಲ. ಜೊಲ್ಲು ಸುರಿಸಿದ ಬೆಕ್ಕು, ಕಚ್ಚಿ ಸತ್ತಿದೆ. ಹುಚ್ಚು ಅಲ್ಲ ಎಂದು ಹೇಳುವುದು ಹೇಗೆ? ಊರಿಗೆಲ್ಲ ಬುದ್ಧಿ ಹೇಳುವವ ನಾನು. ಸೂಜಿ ತೆಗೆದುಕೊಳ್ಳಲೇಬೇಕು," ಎಂದರು. ಆ ಕಾಲದಲ್ಲಿ ಅದು ಹೊಕ್ಕುಳ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು.

ಮರುದಿನದಿಂದ ಅವರು ಬೆಳಿಗ್ಗೆಯ ಬಸ್ಸಿಗೆ ಉಡುಪಿಗೆ ಹೋಗಿ, ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಬಗ್ಗಿ ಬರುತ್ತಿದ್ದರು. ದೊಡ್ಡಮ್ಮ ಎಲೆಗೆ ಹಚ್ಚುವ ಸುಣ್ಣದಲ್ಲಿ ಬೆರಳದ್ದಿ, ದಿನಕ್ಕೊಂದು ಬೊಟ್ಟನ್ನು ಬಾಗಿಲ ಹಿಂದೆ ಇಡುತ್ತಿದ್ದರು. ಮೊದಲ ಬೊಟ್ಟಿನ ದಿನ ಪೆಟ್ಟು ಬೀಳುತ್ತದೆ ಎಂದು ಹೆದರಿ ನಾನು ನಿಜ ಹೇಳಲಿಲ್ಲ. ಎರಡನೆಯ ದಿನ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆಂಬ ಹೆದರಿಕೆ. ಆರನೆಯ ದಿನ ಹೊಟ್ಟೆಯೆಲ್ಲ ಗಂಟು ಗಂಟಾಗಿ, ಪಂಚೆ ಕಟ್ಟಿಕೊಳ್ಳಲು ಆಗದೆ ಅವರು ಚಾವಡಿಯಲ್ಲಿ ಮಗ್ಗುಲಾಗಿ ಮಲಗಿದ್ದರು. ಹೇಳಿಬಿಡಬೇಕೆಂದು ಹತ್ತಿರ ಹೋಗಿ ಬಾಯಿ ತೆರೆದೆ. "ಬೆಕ್ಕಿನ ಚಿಂತೆಯಾ ಮಗಾ? ತಪ್ಪು ನನ್ನದು. ಮುಳ್ಳು ಎಲ್ಲೋ ಇತ್ತು, ನನಗೆ ಸಿಗಲಿಲ್ಲ," ಎಂದು ತಲೆ ಸವರಿದರು. ಅಬ್ಬಾ, ಪೆಟ್ಟು ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು! ಬಾಗಿಲ ಹಿಂದೆ ಹದಿನಾಲ್ಕೂ ಬೊಟ್ಟು ತುಂಬಿದವು. ಆಮೇಲೆ ದೊಡ್ಡಪ್ಪ ಮತ್ತೆ ಯಾವ ಬೆಕ್ಕನ್ನೂ ಮುಟ್ಟಲಿಲ್ಲ. ಬುಟ್ಟಿ ಹಿಡಿದು ಬಂದವರಿಗೆ, "ನನಗೆ ಬೆಕ್ಕಿನದ್ದು ಗೊತ್ತಾಗುವುದಿಲ್ಲ ಮಾರಾಯ್ರೆ, ಬೇರೆ ಕಡೆ ತೋರಿಸಿ," ಎನ್ನುತ್ತಿದ್ದರು. ಬೇರೆ ಕಡೆ ಎಂಬುದು ಎಲ್ಲಿತ್ತು? ಬಂದವರು ಹಾಗೇ ಮನೆಗೆ ತಿರುಗಿ ಹೋಗುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ಮಣಿಪಾಲದಲ್ಲಿ ನರ್ಸ್ ಆಗಿ ಸೇರಿದೆ. ದೊಡ್ಡಪ್ಪ ಹಾಸಿಗೆ ಹಿಡಿದಾಗ ದಿನವೂ ಕೆಲಸ ಮುಗಿಸಿ ಕಾಪುವಿಗೆ ಬಂದು ನಾನೇ ಸೂಜಿ ಹಾಕುತ್ತಿದ್ದೆ. ಮೊದಲ ಸಂಜೆ ಮದ್ದನ್ನು ಸಿರಿಂಜಿಗೆ ಎಳೆಯುತ್ತಿದ್ದಾಗ ಅವರ ತೋರುಬೆರಳಿನ ಬಿಳಿ ಕಲೆ ಕಂಡಿತು. ಇನ್ನು ತಡ ಮಾಡಿದರೆ ಹೇಳಲು ಯಾರೂ ಇರುವುದಿಲ್ಲ ಎನಿಸಿತು. ಸಿರಿಂಜನ್ನು ತಟ್ಟೆಯಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಅಡಿಕೆ, ಬೂತಾಯಿ, ತೊಳೆದ ಕಲ್ಲು, ತಗಡಿನ ಪೆಟ್ಟಿಗೆ.

ಅವರು ಹೆಂಚಿನ ಮಾಡು ನೋಡುತ್ತ ಮಲಗಿದ್ದರು. ಹಾಗೆಯೇ ಕನ್ನಡದಲ್ಲಿ ಕೇಳಿದರು, "ಎಷ್ಟು ಕೊಟ್ಟೆ?"

"ಅರ್ಧ."

"ಅರ್ಧವಾ! ದೊಡ್ಡ ನಾಯಿಗೂ ನಾನು ಅಷ್ಟು ಕೊಟ್ಟವನಲ್ಲ," ಎಂದರು. ಹಳೆಯ ಕಂಪೌಂಡರನ ಸಿಟ್ಟು, ಅಷ್ಟೆ. ಆಮೇಲೆ ಕೈ ಎತ್ತಿ ಆ ಬೆರಳನ್ನು ಕಣ್ಣಿನ ಹತ್ತಿರ ತಂದು ತಿರುಗಿಸಿ ನೋಡಿದರು. "ಹಾಗಾದರೆ ಮುಳ್ಳು ಇರಲೇ ಇಲ್ಲ ಅಲ್ವಾ," ಎಂದರು. ಈಗ ಆ ಮುಖದಲ್ಲಿ ಸಿಟ್ಟು ಇರಲಿಲ್ಲ, ನೆಮ್ಮದಿ ಇತ್ತು. ಇಷ್ಟು ವರ್ಷ ಅವರು ಆ ಮುಳ್ಳನ್ನು ಹುಡುಕುತ್ತಲೇ ಇದ್ದರು ಎಂದು ನನಗೆ ಆಗ ಗೊತ್ತಾಯಿತು. ನಾನು ಅಳತೊಡಗಿದೆ. ಅವರು ಅಂಗಿಯ ತೋಳು ಮೇಲೆ ಸರಿಸಿ, ತೋಳು ಮುಂದೆ ಚಾಚಿದರು.

"ಹದಿನಾಲ್ಕು ಆಗಿಯೇ ಉಂಟಲ್ಲ. ಇದು ಹದಿನೈದನೆಯದು. ಹಾಕು ಮಗಾ."

ಆ ಮಳೆಗಾಲ ಮುಗಿಯುವುದರೊಳಗೆ ದೊಡ್ಡಪ್ಪ ಹೋದರು. ಹಿಂದೆಯೇ ದೊಡ್ಡಮ್ಮ. ಈಗ ಚಾವಡಿ ಇದ್ದ ಜಾಗದಲ್ಲಿ ಹೆದ್ದಾರಿ ಹೋಗಿದೆ. ಮನೆ ಕೆಡವುವ ದಿನ ನಾನು ಹೋಗಿದ್ದೆ. ಹಳೆಯ ಮರದ ವ್ಯಾಪಾರಿಯ ಲಾರಿಗೆ ಬಾಗಿಲುಗಳನ್ನು ಹೇರುತ್ತಿದ್ದರು. ಒಂದು ಬಾಗಿಲ ಹಿಂದೆ ಸುಣ್ಣದ ಬೊಟ್ಟುಗಳಿದ್ದವು. ಇದೆಂತ ಲೆಕ್ಕ ಎಂದು ಆಳು ಕೇಳಿದ. ನನ್ನದು ಎಂದು ಹೇಳಿದೆ.