ಹೊಗೆಯವನು, ಎಣ್ಣೆಯವನು

ಆ ಎರಡು ಪುಸ್ತಕಗಳನ್ನು ನಾನು ಈವರೆಗೂ ಓದಿಲ್ಲ. ಓದುವಷ್ಟು ಇಂಗ್ಲಿಷ್ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕಾರವಾರದ ರದ್ದಿ ಅಂಗಡಿಯಲ್ಲಿ, ಗೋವಾ ಕಡೆಯಿಂದ ಬಂದ ಹಳೆ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ್ದವು. ಮನೆಗೆ ತಂದದ್ದು ರಟ್ಟಿನ ಮೇಲಿದ್ದ ಚಿತ್ರಗಳಿಗಾಗಿ. ಎರಡರಲ್ಲೂ ಒಂದೇ ಥರದ ಆಸಾಮಿ: ಸೊಂಟಕ್ಕೊಂದು ತುಂಡು ತೊಗಲು, ಕೈಯಲ್ಲಿ ಖಡ್ಗ, ಹೆಗಲ ತುಂಬ ಕೂದಲು, ಸುತ್ತ ಹಿಮ. ಬಿಡಿಸಿದವರು ಮಾತ್ರ ಬೇರೆ ಬೇರೆ. ಅವರ ಹೆಸರು ಗೊತ್ತಿಲ್ಲದ್ದರಿಂದ ನಾನೇ ಒಂದೊಂದು ಇಟ್ಟೆ. ಒಬ್ಬ ಹೊಗೆಯವನು, ಇನ್ನೊಬ್ಬ ಎಣ್ಣೆಯವನು.

ಹೊಗೆಯವನ ಚಿತ್ರದಲ್ಲಿ ಅರ್ಧಕ್ಕರ್ಧ ಏನೂ ಇರಲಿಲ್ಲ. ಕಂದು, ಕಪ್ಪು, ಒಂದಿಷ್ಟು ಕೊಳಕು ಹಳದಿ. ಮುಖ ನೆರಳಿನಲ್ಲಿ. ಒಂದು ಕಾಲು ಮಂಜಿನಲ್ಲಿ ಕರಗಿಯೇಹೋಗಿತ್ತು. ಹಿಂದಿನ ಬೆಟ್ಟವನ್ನು ಚಿಂದಿ ಬಟ್ಟೆಯಲ್ಲಿ ಒರೆಸಿಬಿಟ್ಟಂತಿತ್ತು. ಎಣ್ಣೆಯವನು ಹಾಗಲ್ಲ. ಅವನ ಆಸಾಮಿಯ ಮೈಗೆಲ್ಲ ತೆಂಗಿನೆಣ್ಣೆ ಸವರಿದ ಹಾಗೆ ಒಂದೊಂದು ಸ್ನಾಯುವೂ ಮಿಂಚುತ್ತಿತ್ತು. ಕೊರಳ ಸರಪಳಿಯ ಪ್ರತಿ ಕೊಂಡಿಗೂ ಬೆಳಕು, ಪ್ರತಿ ಕೊಂಡಿಗೂ ನೆರಳು. ತೊಗಲಿನ ರೋಮ ಎಣಿಸಬಹುದಿತ್ತು. ನೋಡಿದ ಕ್ಷಣವೇ ನಾನು ಎಣ್ಣೆಯವನ ಪಕ್ಷ ಸೇರಿದೆ. ಕೆಲಸ ಅಂದರೆ ಅದು. ಹೊಗೆಯವನು ಮೈಗಳ್ಳ ಎಂದು ತೀರ್ಮಾನಿಸಿದೆ.

ಆಗ ನಾನು ಅಂಕೋಲೆಯ ಪೇಂಟರ್ ಒಬ್ಬರ ಕೈಕೆಳಗೆ ಕೆಲಸಕ್ಕಿದ್ದೆ. ಊರವರೆಲ್ಲ ಅವರನ್ನು ಮಾಸ್ತರ್ ಎನ್ನುತ್ತಿದ್ದರು. ಅಂಗಡಿ ಬೋರ್ಡುಗಳಿಗೆ ಅಕ್ಷರ ನಾನು ಬರೆಯುವುದು, ಚಿತ್ರ ಅವರು ಬಿಡಿಸುವುದು. ಹನ್ನೊಂದು ವರ್ಷ ಇದೇ ಕಥೆ. ಅಷ್ಟರಲ್ಲಿ ಫ್ಲೆಕ್ಸ್ ಬಂದು ಬೋರ್ಡಿನ ಕೆಲಸವನ್ನು ನಮ್ಮ ಕಣ್ಣೆದುರೇ ನುಂಗತೊಡಗಿತು. ಉಳಿದದ್ದು ಮೀನುಗಾರಿಕೆಯ ಬೋಟುಗಳು. ಉಪ್ಪುನೀರಿಗೆ ಫ್ಲೆಕ್ಸ್ ನಿಲ್ಲುವುದಿಲ್ಲ. ಆದರೆ ಬೋಟಿನವರಿಗೆ ಬೇಕಾದದ್ದು ಚಿತ್ರ. ನಾನು ಬರೀ ಅಕ್ಷರದವನಲ್ಲ, ನನಗೆ ಚಿತ್ರವೂ ಬರುತ್ತದೆ ಎಂದು ಮಾಸ್ತರರ ಬಾಯಿಂದ ಒಮ್ಮೆ ಕೇಳಬೇಕಿತ್ತು. ಅವರೋ, ಹೊಗಳುವ ಜಾತಿಯವರೇ ಅಲ್ಲ. ನಮ್ಮ ಕಡೆ ‘ಅಡ್ಡಿಲ್ಲ’ ಎಂದರೆ ಚೆನ್ನಾಗಿದೆ ಎಂದೇ ಲೆಕ್ಕ. ಆ ಒಂದು ಶಬ್ದವನ್ನೂ ಅವರು ನನ್ನ ಮೇಲೆ ಖರ್ಚು ಮಾಡಿರಲಿಲ್ಲ.

ಪುಸ್ತಕಗಳನ್ನು ತೋರಿಸಿದೆ. ಬೀಡಿ ಹಚ್ಚುತ್ತ ಅರ್ಧ ನಿಮಿಷ ನೋಡಿದರು.

“ಈ ಮಿಂಚುವವಂಗೆ ಹಿಮದಲ್ಲಿ ಬರಿಮೈಲಿ ನಿಂತ್ರೂ ಚಳಿನೇ ಇಲ್ವಲಾ ಮಾರಾಯಾ?”

“ಕೈ ನೋಡಿ ಮಾಸ್ತರ್ರೆ, ನರ ನರ ಕಾಣ್ತದೆ.”

“ನರ ಕಾಣ್ತದೆ ತಮಾ, ಭಾರ ಕಾಣ್ತಿಲ್ಲ. ಇವನ ನೋಡು, ಕಾಲೇ ಬರಿಲಿಲ್ಲ, ಆದ್ರೂ ಗಟ್ಟಿ ನಿಂತ್ಕಂಡಿದ್ದ.”

ಬರೆಯದ ಕಾಲಿನ ಮೇಲೆ ಯಾರಾದರೂ ಗಟ್ಟಿ ನಿಲ್ಲುವುದುಂಟೆ? ಮೈ ಉರಿಯಿತು. ಪುಸ್ತಕಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಅದೇ ಮಳೆಗಾಲ ಕಾರವಾರದ ಬೈತಖೋಲ ಬಂದರಿನಿಂದ ಬೋಟಿನ ಮಾಲಕನೊಬ್ಬ ಬಂದ. ಸಿಂಹ, ಗರುಡ ಎಲ್ಲರ ಬೋಟಿನ ಮೇಲೂ ಇವೆ, ತನಗೆ ಬೇರೆ ಏನಾದರೂ ಬೇಕು ಎಂದ. ಮೇಜಿನ ಮೇಲಿದ್ದ ನನ್ನ ಪುಸ್ತಕಗಳು ಅವನ ಕಣ್ಣಿಗೆ ಬಿದ್ದವು. “ಇಂಥವ್ನೇ ಬೇಕು ನಂಗೆ, ಕ್ಯಾಬಿನ್ನಿನ ಎರಡೂ ಬದಿಗೆ,” ಎಂದ.

ಮಾಸ್ತರರು ನನ್ನ ಕಡೆ ತಿರುಗಿದರು. “ಒಂದು ಬದಿ ನೀ ಮಾಡು, ಒಂದು ಬದಿ ನಾ ಮಾಡ್ತೆ.”

ಆ ರಾತ್ರಿ ಖುಷಿಗೆ ಊಟ ಸೇರಲಿಲ್ಲ. ಮರುದಿನದಿಂದಲೇ ಬೆಳಗಿನ ಬಸ್ಸು ಹಿಡಿದು ಕಾರವಾರಕ್ಕೆ ಓಡಾಟ ಶುರುವಾಯಿತು. ಮಳೆಗಾಲ ಮುಗಿಯುವತನಕ ಬೋಟುಗಳನ್ನು ದಡಕ್ಕೆ ಎಳೆದಿಟ್ಟಿರುತ್ತಾರೆ. ತಾಡಪತ್ರಿ ಕಟ್ಟಿಕೊಂಡು ಅದರಡಿ ಬಿಡಿಸಬೇಕು. ಆ ತೇವಕ್ಕೆ ಎನಾಮಲ್ ಬಣ್ಣ ಒಣಗುವುದೇ ಇಲ್ಲ. ಒಂಬತ್ತು ದಿನ ಒದ್ದಾಡಿದೆ. ಹೊಟ್ಟೆಯ ಸ್ನಾಯುಗಳಿಗೇ ಮೂರು ದಿನ ಹೋಯಿತು. ಹಿಮದ ಜಾಗದಲ್ಲಿ ತೆರೆ ಬರೆದೆ, ಪ್ರತಿ ತೆರೆಗೂ ನೊರೆ ಬರೆದೆ. ವೀರನ ಹಲ್ಲನ್ನೂ ಬಿಡಲಿಲ್ಲ.

ಮಾಸ್ತರರು ಬಂದದ್ದು ಏಳನೆಯ ದಿನ. ಬಂದವರು ಬಲೆಯ ರಾಶಿಯ ಮೇಲೆ ಕೂತು ಮಧ್ಯಾಹ್ನದವರೆಗೆ ಖಾಲಿ ಹಲಗೆಯನ್ನು ನೋಡಿದರು. ಆಮೇಲೆ ಕಂದು ಬಳಿದರು, ಕಪ್ಪು ಬಳಿದರು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬಳಿದದ್ದರಲ್ಲಿ ಅರ್ಧ ಒರೆಸಿದರು. ಮರುದಿನ ಸಂಜೆಗೆ ಕುಂಚ ತೊಳೆದಿಟ್ಟರು.

“ಮುಖವೇ ಇಲ್ವಲ ಮಾಸ್ತರ್ರೆ!”

“ಉಂಟು. ಅಷ್ಟು ಸಾಕು.”

ಸುಲಭದ ಕೆಲಸ ಎಂದು ನಾನೂ ಗುಟ್ಟಾಗಿ ಒಂದು ಪ್ಲೈವುಡ್ ತುಂಡಿನ ಮೇಲೆ ಹಾಗೇ ಬಳಿದು ಒರೆಸಿ ನೋಡಿದೆ. ಮನುಷ್ಯ ಬರಲಿಲ್ಲ, ಬರೀ ಕೆಸರು ಬಂತು. ಮತ್ತೆ ಒರೆಸಿದೆ, ಮತ್ತೆ ಕೆಸರೇ. ಸಿಟ್ಟಿಗೆ ಆ ತುಂಡನ್ನು ಮುರಿದು ಎಸೆದೆ. ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ.

ಬೋಟು ಕಡಲಿಗಿಳಿಯುವ ದಿನ ಪೂಜೆ. ಆ ಮನೆತನದಲ್ಲೊಂದು ಪದ್ಧತಿಯಿತ್ತು. ಮನೆಯ ಹಿರಿಯ ಹೆಂಗಸು ಎಂಜಿನ್ನಿಗೆ, ಬಲೆಗೆ, ಕೊನೆಗೆ ಬೋಟಿನ ಮೇಲಿರುವ ಚಿತ್ರಕ್ಕೆ, ಅದು ಸಿಂಹವಿರಲಿ ಹದ್ದಿರಲಿ, ಹಣೆಗೆ ಕುಂಕುಮ ಹಚ್ಚಬೇಕು. ಕಡಲಲ್ಲಿ ಬೋಟಿನವರಿಗೆ ನಿದ್ದೆ ಹತ್ತಿದರೂ ಚಿತ್ರ ಎಚ್ಚರವಿರುತ್ತದೆ ಎಂಬ ನಂಬಿಕೆ. ಮಾಲಕನ ತಾಯಿ ತಟ್ಟೆ ಹಿಡಿದು ಮೊದಲು ನನ್ನ ಬದಿಗೇ ಬಂದರು.

“ಹೋ ಕೋಣ ರೇ ಬಾಬಾ?” ಎಂದು ಕೊಂಕಣಿಯಲ್ಲಿ ಮಗನನ್ನು ಕೇಳಿದರು. ಯಾರು ಇವನು, ಎಂದು.

ಫಾರಿನ್ನಿನ ವೀರ ಎಂದ ಮಗ. ಮುದುಕಿ ನನ್ನ ವೀರನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ಕುಂಕುಮಕ್ಕೆ ಅದ್ದಿದ್ದ ಬೆರಳು ಮೇಲೇಳಲೇ ಇಲ್ಲ. ಹಾಗೇ ಆಚೆ ಬದಿಗೆ ನಡೆದರು. ನಾನು ಹಿಂದೆಯೇ ಹೋದೆ. ಅಲ್ಲಿ ಅವರು ಯಾರಿವನು ಎಂದು ಕೇಳಲಿಲ್ಲ. ತುದಿಗಾಲಲ್ಲಿ ನಿಂತು, ಆ ಕಪ್ಪಿನಲ್ಲಿ ಹಣೆ ಎಲ್ಲಿದೆಯೆಂದು ಹುಡುಕಿ, ಕುಂಕುಮ ಒತ್ತಿ ಕೈಮುಗಿದರು.

“ಆಯಿ, ಆ ಬದಿಗೆ?” ಮಗನಿಗೆ ನನ್ನೆದುರು ಮುಜುಗರ.

ಮುದುಕಿ ಈಗ ನನಗೂ ತಿಳಿಯುವಂತೆ ಕನ್ನಡದಲ್ಲೇ ಹೇಳಿದರು: “ಅವಂಗೆ ಎಂತಕ್ಕೆ? ಅವ ಫೋಟೊ ಹೊಡಿಸ್ಕಂಬಕೆ ನಿಂತವ್ರ ಹಾಂಗೆ ನಮ್ಮನ್ನೇ ನೋಡ್ತಿದ್ದ. ಇವ ಕಡಲು ನೋಡ್ತಿದ್ದ.”

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನನ್ನ ಒಂಬತ್ತು ದಿನ. ಮುದುಕಿಗೆ ಚಿತ್ರದ ಗಂಧವೇನು ಗೊತ್ತು ಎಂದು ಕೂಗಬೇಕೆನಿಸಿತು. ಚೀಲದಿಂದ ಪುಸ್ತಕಗಳನ್ನು ತೆಗೆದು ರಟ್ಟು ನೋಡಿದೆ. ಎಣ್ಣೆಯವನ ವೀರನ ಕಣ್ಣು ನೆಟ್ಟಗೆ ನನ್ನ ಮೇಲಿತ್ತು. ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಅವನಿಗೆ ಗೊತ್ತು, ಅದಕ್ಕೇ ಹೊಟ್ಟೆ ಬಿಗಿಹಿಡಿದಿದ್ದಾನೆ. ಹೊಗೆಯವನ ವೀರನಿಗೆ ನಾನು ಇದ್ದೇನೆಂಬ ಪರಿವೆಯೇ ಇಲ್ಲ. ಇಷ್ಟು ತಿಂಗಳು ದಿಟ್ಟಿಸಿದ ನನಗೆ ಕಾಣದ್ದು, ಆ ಪುಸ್ತಕಗಳನ್ನೇ ನೋಡದ ಮುದುಕಿಗೆ ಒಂದೇ ನೋಟಕ್ಕೆ ಕಂಡಿತ್ತು. ನನಗೆ ತಡೆಯಲಾಗದ್ದು ಅದೇ.

“ನಂಬರ್ ಬರಿಲಿಲ್ಲ ಇನ್ನೂ,” ಎಂದು ಮಾಸ್ತರರು ಕುಂಚ ಚಾಚಿದರು. ಬೋಟಿನ ನೋಂದಣಿ ನಂಬರನ್ನು ಕೊನೆಗೆ ಬರೆಯುವುದು ರೂಢಿ. ಕುಂಚವನ್ನು ಹೆಚ್ಚುಕಡಿಮೆ ಕಿತ್ತುಕೊಂಡೆ. ಅಳತೆ ಹಾಕಲಿಲ್ಲ, ದಾರ ಹಿಡಿಯಲಿಲ್ಲ. ಕೋಪದಲ್ಲಿ ಏನು ಮಾಡುತ್ತಿದ್ದೇನೆಂಬ ಗ್ಯಾನವಿಲ್ಲದೆ, ಬೋಟಿನ ಮೂತಿಯ ಮೇಲೆ ಒಂದಾದ ಮೇಲೊಂದು ಅಂಕಿ ಎಳೆದುಬಿಟ್ಟೆ.

ಮಾಸ್ತರರು ಹತ್ತಿರ ಬಂದರು. ನನ್ನ ವೀರನ ಮುಂದೆ ಅವರು ಒಂದು ದಿನವೂ ಅಷ್ಟು ಹೊತ್ತು ನಿಂತಿರಲಿಲ್ಲ. ಅಂಕಿಗಳನ್ನು ನಿಧಾನವಾಗಿ, ಒಂದೊಂದಾಗಿ ನೋಡಿದರು.

“ಅಡ್ಡಿಲ್ಲ ತಮಾ,” ಎಂದರು.