ಕಿಟಕಿ ಸೀರೆಯ ಒಳಮುಖ

ಚಾಂಪಿಯನ್ ರೀಫ್ಸ್‌ನ ನಮ್ಮ ಮನೆಯ ಕಿಟಕಿಗೆ ಆಷಾಢದ ಗಾಳಿಕಾಲದಲ್ಲಿ ಅಮ್ಮ ತನ್ನ ಹಳೆಯ ಹಸಿರು ಸೀರೆಯನ್ನು ಒದ್ದೆ ಮಾಡಿ ಕಟ್ಟುತ್ತಾಳೆ. ಹಳೆಯ ಚಿನ್ನದ ಗಣಿಯವರು ಅದಿರಿನ ಪುಡಿ ಸುರಿದ ಸೈನೈಡ್ ದಿಬ್ಬದಿಂದ ಹಾರುವ ಬಿಳಿ ಧೂಳೇ ಅವಳ ಕೆಮ್ಮಿಗೆ ಕಾರಣವೆಂದು ನಾನು ಕಾಲೇಜು ದಿನಗಳಿಂದ ವಾದಿಸುತ್ತಿದ್ದೆ. ಹೋದ ವರ್ಷ ಸೀರೆ ಬಿಚ್ಚಿದಾಗ ಹೊರಮುಖಕ್ಕೆ ಧೂಳು ಮೆತ್ತಿತ್ತು, ಒಳಮುಖಕ್ಕೆ ಮಸಿ. ನನ್ನ ವಾದದಲ್ಲಿ ದಿಬ್ಬವಿತ್ತು, ಅಮ್ಮನ ಸೌದೆ ಒಲೆ ಇರಲೇ ಇಲ್ಲ.

“ನಿನ್ ಸೈನೈಡ್ ಸರಿ ಕಣ್ಲಾ, ನನ್ ಒಲೆ ಒಗೆ ಲೆಕ್ಕಕ್ಕಿಲ್ವಾ?” ಎಂದು ಅಮ್ಮ ನಕ್ಕಳು.

ಮುದ್ದೆಗೆ ಸೌದೆಯೇ ಬೇಕೆನ್ನುತ್ತಿದ್ದವಳು ಅಂದಿನಿಂದ ಅದನ್ನೂ ಗ್ಯಾಸ್ ಮೇಲೆ ತಿರುವತೊಡಗಿದಳು. ದಿಬ್ಬ ಅಲ್ಲೇ ಇದೆ. ಆದರೂ ಈ ಆಷಾಢದಲ್ಲಿ ಕೆಮ್ಮು ಕಡಿಮೆಯೆನಿಸಿತು. ನನ್ನ ಅನಿಸಿಕೆಯನ್ನು ನಂಬದೆ ಸೀರೆ ಬಿಚ್ಚಿ ನೋಡಿದೆ. ಒಳಮುಖ ಹಸಿರಾಗಿಯೇ ಇತ್ತು.